ಒಂದೇ ಹಾಡಿಕೆಯನ್ನು ಮತ್ತೆ ಮತ್ತೆ ಕೇಳುವುದು

ನನ್ನ ಹತ್ತಿರ ಗ್ರಾಮಫೋನ್ ತಟ್ಟೆಗಳಿವೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ: ‘ತಟ್ಟೆಯ ಧ್ವನಿ ಸಿ.ಡಿ.ಗಿಂತ ಚೆನ್ನಾಗಿರುತ್ತದಂತಲ್ಲ, ನಿಜವೇ?’ ಇದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅಳತೆಯ ಮಾತಾದರೆ ನಿಜವಲ್ಲ. ಒಳ್ಳೆಯ ಡಿಜಿಟಲ್ ಮುದ್ರಣದಲ್ಲಿ ಸದ್ದುಗದ್ದಲ ಕಡಿಮೆ, ಶ್ರುತಿ ಅಲುಗಾಡುವುದಿಲ್ಲ, ಎಷ್ಟು ಸಲ ಕೇಳಿದರೂ ಸವೆಯುವುದಿಲ್ಲ. ಎಲ್‌ಪಿ (ಹೆಚ್ಚು ಹೊತ್ತು ನುಡಿಯುವ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ) ತಟ್ಟೆಗೆ ಹುಟ್ಟಿನಿಂದಲೇ ಬಂದ ಮಿತಿಗಳಿವೆ. ಅವುಗಳಲ್ಲಿ ಒಂದನ್ನಾದರೂ ಸಂಗೀತದವರಾದ ನಾವು ತಿಳಿದುಕೊಂಡಿರಬೇಕು.

ಹನ್ನೆರಡು ಅಂಗುಲದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಮುಳ್ಳು ಅಂಚಿನಲ್ಲಿದ್ದಾಗಲೂ ಅಷ್ಟೇ, ಲೇಬಲ್ಲಿನ ಹತ್ತಿರ ಬಂದಾಗಲೂ ಅಷ್ಟೇ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಶುರುವಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ಕೊನೆಗೆ ಬರುವಷ್ಟರಲ್ಲಿ ಅದು 20 ಸೆಂಟಿಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಹೊತ್ತಿನ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಹಾಗಾಗಿ ಅಲ್ಲಿ ಮೇಲಿನ ಸ್ವರಗಳ ಹೊಳಪು ಮಸುಕಾಗುತ್ತದೆ, ‘ಸ’ಕಾರ, ‘ಶ’ಕಾರಗಳು ಒಡೆದಂತೆ ಕೇಳುತ್ತವೆ. ಈಗ ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ನಮ್ಮ ಖಯಾಲಿನ ನಡೆ ಹೇಗಿದೆ ನೋಡಿ. ವಿಲಂಬಿತದಲ್ಲಿ (ನಿಧಾನ ಲಯದಲ್ಲಿ) ಮಂದ್ರದಿಂದ (ಕೆಳಗಿನ ಸ್ಥಾಯಿಯಿಂದ) ಶುರು, ನಿಧಾನಕ್ಕೆ ಬಢತ್ (ರಾಗದ ವಿಸ್ತಾರ), ಕೊನೆಗೆ ದ್ರುತ್ (ವೇಗದ ಲಯ), ತಾರಸ್ಥಾಯಿಯ ತಾನುಗಳು (ಮೇಲಿನ ಸ್ವರಗಳ ವೇಗದ ಸರಣಿಗಳು). ಕಲಾವಿದರು ಅತಿ ವೇಗವಾಗಿ, ಅತಿ ಎತ್ತರದಲ್ಲಿ ಹಾಡುವುದು ತಟ್ಟೆಯ ಅತಿ ಇಕ್ಕಟ್ಟಾದ ಜಾಗದಲ್ಲಿ! ಬದಿಯ ಕೊನೆಯಲ್ಲಿ ತಾನು ಸ್ವಲ್ಪ ಕರಕರ ಎಂದರೆ ಗಾಯಕರ ಗಂಟಲನ್ನು ದೂರಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಹಾಗಾದರೆ ಇಷ್ಟು ವರ್ಷ ತಟ್ಟೆಗಳನ್ನು ಯಾಕೆ ಕೂಡಿಟ್ಟೆ? ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ನಮ್ಮ ಸಂಗೀತ ಒಮ್ಮೆ ಹಾಡಿದಂತೆ ಇನ್ನೊಮ್ಮೆ ಹಾಡುವುದಲ್ಲ. ಅದೇ ರಾಗ, ಅದೇ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು), ಅದೇ ಕಲಾವಿದರು. ಆದರೂ ನಿನ್ನೆಯ ಯಮನ್ ರಾಗ ಇವತ್ತು ಇಲ್ಲ. ಇದನ್ನೇ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಕಲಿಯುವವರಿಗೆ ಇದರಲ್ಲಿ ಒಂದು ಕಷ್ಟವಿದೆ. ಬೈಠಕ್ಕಿನಲ್ಲಿ ಕೂತು ಕೇಳುವಾಗ ಒಂದು ಅದ್ಭುತವಾದ ಜಾಗ ಬರುತ್ತದೆ, ‘ಆಹಾ’ ಎನ್ನುವಷ್ಟರಲ್ಲಿ ಹಾಡಿಕೆ ಮುಂದೆ ಹೋಗಿರುತ್ತದೆ. ಆ ಸ್ವರಕ್ಕೆ ಅವರು ಯಾವ ದಾರಿಯಿಂದ ಬಂದರು, ಅಲ್ಲಿಗೆ ಬರುವ ಮುಂಚೆ ಏನನ್ನು ಬಿಟ್ಟರು, ಉಸಿರು ಎಲ್ಲಿ ತೆಗೆದುಕೊಂಡರು? ಮತ್ತೊಮ್ಮೆ ಹಾಡಿ ಎಂದು ಕೇಳುವ ಹಾಗಿಲ್ಲ. ಕೇಳಿದರೂ ಅವರು ಹಾಡುವುದು ಬೇರೆಯದನ್ನೇ. ತಟ್ಟೆಯಲ್ಲಿ ಮಾತ್ರ ಒಂದು ಹೊತ್ತಿನ ಹಾಡಿಕೆ ಹಾಗೇ ನಿಂತಿರುತ್ತದೆ. ಹೊಗಳಿ ಮುಗಿದ ಮೇಲೆ ಅರ್ಥ ಮಾಡಿಕೊಳ್ಳಲು ಕೂರುವ ಅವಕಾಶವನ್ನು ಅದು ಕೊಡುತ್ತದೆ. ಕ್ಯಾಸೆಟ್ಟು, ಮೊಬೈಲು ಕೂಡ ಕೊಡುತ್ತವಲ್ಲ ಎನ್ನುತ್ತೀರಿ. ಕೊಡುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೂರು ನಿಮಿಷದ ಕಥೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಧ್ವನಿಯನ್ನು ಮುದ್ರಿಸಿಕೊಂಡರು. ಆಗ ಮೈಕು ಇರಲಿಲ್ಲ. ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ. ಗೋಡೆಗೆ ಒಂದು ದೊಡ್ಡ ಕಹಳೆ, ಅದರೊಳಗೆ ಮುಖವಿಟ್ಟು ಹಾಡಬೇಕು. ಧ್ವನಿಯ ಒತ್ತಡದಿಂದಲೇ ಆಚೆ ಬದಿಯ ಮುಳ್ಳು ಮೇಣದ ಮೇಲೆ ಗೀರು ಎಳೆಯುತ್ತದೆ. ಮೆಲ್ಲಗೆ ಹಾಡಿದರೆ ಮುಳ್ಳು ಅಲುಗುವುದಿಲ್ಲ, ಜೋರಾಗಿ ಹಾಡಿದರೆ ಗೀರು ಹಾರಿಹೋಗುತ್ತದೆ. ಸಾರಂಗಿ ಹತ್ತಿರ, ತಬಲಾ ದೂರ. ತಂಬೂರಿಯ ನಾದವಂತೂ ಆ ಕಾಲದ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸ್ವಲ್ಪ ಯೋಚಿಸಿ: ತಂಬೂರಿಯ ಆಸರೆ ಕೇಳುಗರಿಗೆ ತಲುಪುವುದಿಲ್ಲ ಎಂದು ಗೊತ್ತಿದ್ದೂ ಷಡ್ಜವನ್ನು (ಆಧಾರ ಸ್ವರ ‘ಸ’ವನ್ನು) ಬರಿಯ ಗಂಟಲಿನಿಂದಲೇ ಸ್ಥಾಪಿಸಬೇಕು. ಆ ತಲೆಮಾರಿನ ಗಾಯಕಿಯರ ಸ್ವರದ ಖಚಿತತೆ ನನಗೆ ಇವತ್ತಿಗೂ ಬೆರಗು.

ಹಾಡು ಮುಗಿದ ಕೂಡಲೇ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಮೇಣದ ಅಚ್ಚುಗಳು ತಟ್ಟೆಯಾಗಲು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಎಂದು ಗೊತ್ತಾಗಲಿ ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಅದೇನೇ ಇರಲಿ, ಆ ದನಿಯಲ್ಲಿರುವ ಖುಷಿ, ಠೀವಿ ನನಗೆ ಬಹಳ ಇಷ್ಟ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ದೇಶದ ತಟ್ಟೆಯ ಚರಿತ್ರೆಯ ಮೊದಲ ದೊಡ್ಡ ಹೆಸರು ಕನ್ನಡದ ನೆಲದಲ್ಲಿ ಮಲಗಿದೆ ಎಂಬುದು ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ.

ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದದ್ದು ಮೂರು, ಮೂರೂಕಾಲು ನಿಮಿಷ. ಬಡಾ ಖಯಾಲನ್ನು ಅತಿ ವಿಲಂಬಿತದಲ್ಲಿ ಹಾಡಿದರೆ ಒಂದು ಆವರ್ತನಕ್ಕೇ (ತಾಳದ ಒಂದು ಸುತ್ತಿಗೇ) ಮುಕ್ಕಾಲು ನಿಮಿಷ ಬೇಕು. ಮೂರು ನಿಮಿಷಕ್ಕೆ ನಾಲ್ಕು ಆವರ್ತನ. ಅಷ್ಟರಲ್ಲಿ ರಾಗ ಕಣ್ಣು ಬಿಟ್ಟಿರುವುದಿಲ್ಲ. ಹಾಗಾಗಿ ನಿಮಿಷಕ್ಕೆ 78 ಸುತ್ತು ತಿರುಗುವ ಆ 78ರ ತಟ್ಟೆಗೆ ಹಾಡಿದವರು ಲಯವನ್ನು ಮಧ್ಯಕ್ಕೋ ದ್ರುತಕ್ಕೋ ಏರಿಸಿದರು, ಆಲಾಪವನ್ನು ಎರಡು ಮೂರು ತುಣುಕಿಗೆ ಇಳಿಸಿದರು. ಇದರಿಂದ ಸಂಗೀತ ಕೆಟ್ಟಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗ್ರೆಯ ಗಾಯಕಿ ಜೊಹ್ರಾಬಾಯಿ ಅವರ ತಟ್ಟೆಗಳನ್ನು ಕೇಳಿ. ಇನ್ನು ಮೂರೇ ನಿಮಿಷ ಇದೆ ಎಂಬ ಅವಸರ ಒಂದು ಕಡೆಯೂ ಇಲ್ಲ. ರಾಗದ ಮುಖ ಕಾಣಿಸಲು ಯಾವ ಸ್ವರಸಂಚಾರ ಇರಲೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ವಿವೇಕ ಅವರಿಗೆ ಪೂರ್ತಿ ಇತ್ತು. ವಿದ್ಯಾರ್ಥಿಗೆ ಒಂದು ಗಂಟೆ ಕೊಟ್ಟರೆ ಒಂದು ಗಂಟೆ ಹಾಡುತ್ತಾನೆ. ಮೂರು ನಿಮಿಷ ಕೊಟ್ಟು ನೋಡಿ, ಅವನಿಗೆ ರಾಗ ಎಷ್ಟು ಗೊತ್ತು ಎಂಬುದು ಆಗ ಹೊರಬೀಳುತ್ತದೆ. ನನ್ನ ಪಾಠದಲ್ಲಿ ಈ ಅಭ್ಯಾಸ ಇದೆ: ಗಡಿಯಾರ ಇಟ್ಟು ಮೂರು ನಿಮಿಷದ ಬಾಗೇಶ್ರೀ.

ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ (ಭಾವಪ್ರಧಾನ ಹಾಡು) ನಿಮಗೆಲ್ಲ ಗೊತ್ತು, ‘ಪಿಯಾ ಬಿನ್ ನಹೀ ಆವತ ಚೈನ್’. ಅದರಲ್ಲಿ ಮಾತು ಎಷ್ಟಿದೆ? ಒಂದು ಸಾಲು, ಒಂದೂವರೆ ಸಾಲು. ಮುಖಡಾಕ್ಕೆ (ಹಾಡಿನ ಮೊದಲ ತುಣುಕಿಗೆ) ಮತ್ತೆ ಮತ್ತೆ ಮರಳುತ್ತಾರೆ, ಮರಳುವ ದಾರಿ ಮಾತ್ರ ಪ್ರತಿ ಸಲ ಬೇರೆ. ನೀವು ಅದನ್ನು ಕೇಳುವಾಗ ‘ಚೈನ್’ (ನೆಮ್ಮದಿ) ಎಂಬ ಮಾತಿನ ಮೇಲೆ ಕಿವಿ ಇಡಿ. ಮಾತು ಅದೇ, ಅದರ ಹಿಂದಿನ ಚಡಪಡಿಕೆ ಒಂದೊಂದು ಸಲ ಒಂದೊಂದು ಬಗೆ. ಗದಗಿನ ಕಡೆಯ ಒಬ್ಬ ಹುಡುಗ ಅಂಗಡಿಯಲ್ಲಿ ಈ ತಟ್ಟೆ ಕೇಳಿ, ಹೀಗೆ ಹಾಡುವುದನ್ನು ಕಲಿಯಲೇಬೇಕು ಎಂದು 1933ರಲ್ಲಿ ಮನೆ ಬಿಟ್ಟು ಹೋದ ಕಥೆಯೂ ನಿಮಗೆ ಗೊತ್ತಿರುವುದೇ. ಭೀಮಸೇನ ಜೋಶಿಯವರಿಗೆ ಆಗ ಹನ್ನೊಂದು ವರ್ಷ. ಊರೂರು ಸುತ್ತಿ ಕೊನೆಗೆ ಅವರು ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ, ಅಂದರೆ ಆ ತಟ್ಟೆಯಲ್ಲಿ ಹಾಡಿದ ಖಾನಸಾಹೇಬರ ಶಿಷ್ಯರ ಹತ್ತಿರವೇ. ಹುಡುಗನನ್ನು ಮನೆಯಿಂದ ಎಬ್ಬಿಸಿದ್ದು ತಟ್ಟೆ, ಸಂಗೀತ ಕೊಟ್ಟದ್ದು ಗುರು. ಎರಡನ್ನೂ ನೆನಪಿಡಬೇಕು.

ಖಾನಸಾಹೇಬರ ವಿಷಯ ಬಂದದ್ದರಿಂದ ಇನ್ನೊಂದು ತಟ್ಟೆಯ ಮಾತು. ಅವರು ತ್ಯಾಗರಾಜರ ಖರಹರಪ್ರಿಯ ಕೃತಿ ‘ರಾಮ ನೀ ಸಮಾನಮೆವರು’ ಹಾಡಿ ಮುದ್ರಿಸಿದ್ದಾರೆ. ಕಿರಾಣಾದ ಉಸ್ತಾದರು ಕರ್ನಾಟಕ ಸಂಗೀತವನ್ನು ಎಷ್ಟು ಗೌರವದಿಂದ ಕೇಳಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ಉಚ್ಚಾರ ನಮ್ಮ ಕಿವಿಗೆ ಬೇರೆಯಾಗಿ ಬೀಳುತ್ತದೆ, ಗಮಕ ನಮ್ಮ ಗಮಕವಲ್ಲ. ಆದರೆ ರಾಗದ ಮೇಲಿನ ಪ್ರೀತಿ ಸ್ವರಸ್ವರದಲ್ಲೂ ಇದೆ.

ಈಗ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಆ ಕಾಲದ ತಟ್ಟೆ ವಿನೈಲ್ ಅಲ್ಲ, ಅರಗು. ಮುತ್ತುಗ, ಕುಸುಮದಂಥ ಮರಗಳ ರೆಂಬೆಯಲ್ಲಿ ಅರಗಿನ ಹುಳು ಸ್ರವಿಸುವ ಅಂಟನ್ನು ಶುದ್ಧ ಮಾಡಿ, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತುತ್ತಿದ್ದರು. ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಹಾಡಿದ್ದೆಲ್ಲ ನಮ್ಮ ಕಾಡಿನ ಅರಗಿನ ಮೇಲೆಯೇ ಅಚ್ಚಾಗುತ್ತಿತ್ತು ಎಂದು ನೆನೆದರೆ ಮೈ ಜುಂ ಎನ್ನುತ್ತದೆ. ಕಲ್ಕತ್ತೆಯ ಸಿಯಾಲ್ದಾದಲ್ಲಿ 1908ರಲ್ಲಿ ಕಾರ್ಖಾನೆ ಶುರುವಾದ ಮೇಲೆ ತಟ್ಟೆ ಇಲ್ಲೇ ತಯಾರಾಗತೊಡಗಿತು. ಎರಡನೇ ಮಹಾಯುದ್ಧದಲ್ಲಿ ಅರಗಿನ ಸಾಗಣೆಗೆ ಅಡ್ಡಿಯಾಯಿತು. ಅಮೆರಿಕದಲ್ಲಿ ಅರಗಿನ ಬಳಕೆಗೆ ಮಿತಿ ಹಾಕಿದರು, ಹಳೆಯ ತಟ್ಟೆ ವಾಪಸು ಕೊಡಿ ಎಂದು ಜನರನ್ನು ಕೇಳಿದರು. ಸೈನಿಕರಿಗೆ ಕಳಿಸುವ ತಟ್ಟೆಗಳನ್ನು ಒಡೆಯದ, ಹಗುರಾದ ವಿನೈಲಿನಲ್ಲಿ ಮಾಡಿದರು. ಯುದ್ಧ ಮುಗಿದು ಮೂರು ವರ್ಷಕ್ಕೆ, 1948ರ ಜೂನಿನಲ್ಲಿ, ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಜನರ ಮುಂದಿಟ್ಟಿತು. ಗೀರು ಮೊದಲಿನ ಮೂರನೇ ಒಂದರಷ್ಟು ಸಪೂರ, ತಿರುಗುವ ವೇಗ ಅರ್ಧಕ್ಕಿಂತ ಕಡಿಮೆ, ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು.

ಎಲ್‌ಪಿಗೆ ಹೋಗುವ ಮುಂಚೆ 78ರ ವೇಗದ ವಿಷಯ ಹೇಳಲೇಬೇಕು, ಯಾಕೆಂದರೆ ಇದು ಸಂಗೀತಗಾರರು ಮಾತ್ರ ಬಗೆಹರಿಸಬಲ್ಲ ಸಂಗತಿ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ಕ್ಕೆ ಮುದ್ರಣವಾದವಲ್ಲ. ಕೆಲವು 74, ಕೆಲವು 80, ಒಂದೇ ದಿನ ಮುದ್ರಿಸಿದವುಗಳಲ್ಲೂ ವ್ಯತ್ಯಾಸ ಇರಬಹುದು. ವೇಗ ಶೇಕಡಾ 6ರಷ್ಟು ಏರಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ: ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಕೇಳುತ್ತಾರೆ. ಶ್ರುತಿಯ ಜೊತೆಗೆ ಲಯವೂ ಓಡುತ್ತದೆ, ತಾನು ಇದ್ದದ್ದಕ್ಕಿಂತ ಚುರುಕಾಗುತ್ತದೆ, ಗಂಟಲಿನ ಬಣ್ಣವೇ ತೆಳ್ಳಗಾಗುತ್ತದೆ. ಅವರ ದನಿ ಬಹಳ ಕೀರಲು ಎಂದು ಎಷ್ಟೋ ಹಳೆಯ ಗಾಯಕಿಯರ ಬಗ್ಗೆ ಹೇಳುವುದುಂಟು. ತಟ್ಟೆಯನ್ನು ಯಾವ ವೇಗದಲ್ಲಿ ತಿರುಗಿಸಿ ಕೇಳಿದಿರಿ ಎಂದು ನಾನು ತಿರುಗಿ ಕೇಳುತ್ತೇನೆ.

ಸರಿಯಾದ ವೇಗ ಕಂಡುಹಿಡಿಯುವುದು ಹೇಗೆ? ಹಾರ್ಮೋನಿಯಂ ಇದ್ದರೆ ಅದರ ಶ್ರುತಿ ಒಂದು ಸುಳಿವು. ರೀಡುಗಳ ನಡುವೆ ಬೀಳುವ ಷಡ್ಜ ಅನುಮಾನಕ್ಕೆ ಎಡೆ. ಅದೇ ಕಲಾವಿದರ ಬೇರೆ ತಟ್ಟೆಗಳ ಷಡ್ಜ ಇನ್ನೊಂದು ಸುಳಿವು. ಎಲ್ಲಕ್ಕಿಂತ ಹೆಚ್ಚು ನಂಬಬೇಕಾದದ್ದು ಸ್ವರಾಕ್ಷರಗಳನ್ನು. ‘ಆ’ಕಾರ ಮನುಷ್ಯರ ಬಾಯಿಂದ ಬಂದ ‘ಆ’ಕಾರದಂತೆ ಕೇಳಬೇಕು. ನನ್ನ ಟರ್ನ್‌ಟೇಬಲ್ಲಿನಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇದೆ. ತಂಬೂರಿ ಪಕ್ಕದಲ್ಲಿಟ್ಟುಕೊಂಡು ಗುಂಡಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋಗುತ್ತೇನೆ. ಒಂದು ಜಾಗದಲ್ಲಿ ತೆಳ್ಳಗಿದ್ದ ದನಿಗೆ ಎದೆ ಬರುತ್ತದೆ, ‘ಆ’ಕಾರ ತುಂಬಿಕೊಳ್ಳುತ್ತದೆ, ತಾನಿನ ಒಂದೊಂದು ಸ್ವರವೂ ಬಿಡಿಸಿಕೊಂಡು ಕೇಳುತ್ತದೆ. ಆ ಗಳಿಗೆಯ ಸಂತೋಷಕ್ಕಾಗಿ ನಾನು ಒಂದು ಮಧ್ಯಾಹ್ನವನ್ನೇ ಕೊಟ್ಟಿದ್ದೇನೆ. ಸಿಕ್ಕ ವೇಗವನ್ನು ಪೆನ್ಸಿಲಿನಲ್ಲಿ ಕಾಗದದ ಚೀಲದ ಮೇಲೆ ಬರೆದಿಡುತ್ತೇನೆ.

ಆದರೆ ಎಲ್ಲ ತೆಳು ದನಿಯೂ ವೇಗದ ಆಟವಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಮೊದಲ ತಟ್ಟೆಗಳಿಗೆ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ್ದಾರೆ. ನಾವು ಬಲ್ಲ ಗಂಗೂಬಾಯಿಯವರ ಕಂಠ ಯಾವುದು? ಗಂಡಸರ ಶ್ರುತಿಗೆ ಇಳಿಯುವ, ಕಂಚಿನಂಥ ಗಟ್ಟಿ ಕಂಠ. ಗಾಂಧಾರಿಯ ತಟ್ಟೆಯಲ್ಲಿರುವುದು ಸಪೂರವಾದ, ಮೇಲೆ ಹಾರುವ ಎಳೆಯ ಹೆಣ್ಣುದನಿ. ಗಂಟಲಿನ ತೊಂದರೆ, ಶಸ್ತ್ರಚಿಕಿತ್ಸೆ ಆದ ಮೇಲೆ ಅವರ ಧ್ವನಿ ಬದಲಾಯಿತು. ಹೊಸ ಧ್ವನಿಗೆ ತಕ್ಕ ಗಾಯನವನ್ನು ಅವರು ಕಟ್ಟಿಕೊಂಡರು. ಎರಡು ತಟ್ಟೆಗಳನ್ನು ಒಂದಾದ ಮೇಲೆ ಒಂದು ಇಟ್ಟು ಕೇಳಿ: ಗಂಟಲು ಬೇರೆ, ಸ್ವರದ ಮೇಲೆ ನಿಲ್ಲುವ ರೀತಿ ಅದೇ. ಮಲ್ಲಿಕಾರ್ಜುನ ಮನ್ಸೂರರನ್ನೂ ಹೀಗೆ ಕೇಳಬೇಕು. ಮೊದಮೊದಲ 78ರ ತಟ್ಟೆಗಳ ಗೌಡ ಮಲ್ಹಾರ್, ಅಡಾಣಾ ಒಂದು ಕಡೆ, ಗುರುಗಳಾದ ಮಂಜೀಖಾನ್, ಬುರ್ಜೀಖಾನರ ತಾಲೀಮು ಮೈಗೂಡಿದ ಮೇಲಿನ ಎಲ್‌ಪಿಗಳು ಇನ್ನೊಂದು ಕಡೆ. ಒಬ್ಬ ಕಲಾವಿದರು ಬೆಳೆಯುವುದು ಕಿವಿಗೆ ಕೇಳುತ್ತದೆ. ಯಾವ ಜೀವನಚರಿತ್ರೆಯಿಂದಲೂ ಇದು ನನಗೆ ಸಿಕ್ಕಿಲ್ಲ.

ಎಲ್‌ಪಿ ಬಂದದ್ದರಿಂದ ನಮ್ಮ ಸಂಗೀತಕ್ಕೆ ಮೊದಲ ಸಲ ಮೈ ಚಾಚಲು ಜಾಗ ಸಿಕ್ಕಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದಿನ ಎಲ್‌ಪಿ ಅಮೆರಿಕದಲ್ಲಿ ಹೊರಬಂತು. ಬದಿಗೊಂದು ರಾಗ, ಸಿಂಧುಭೈರವಿ ಮತ್ತು ಪೀಲೂ, ಪೀಠಿಕೆಯ ಮಾತು ಪಿಟೀಲುವಾದಕ ಯೆಹುದಿ ಮೆನುಹಿನ್ ಅವರದು. ಆಮೇಲೆ ನಮ್ಮಲ್ಲೂ ಒಂದೊಂದಾಗಿ ಬರತೊಡಗಿದವು, ಆದರೂ 1960ರ ದಶಕದಲ್ಲೂ 78ರ ತಟ್ಟೆ ಮಾರುತ್ತಿತ್ತು.

ನನ್ನ ಪಾಲಿಗೆ ಎಲ್‌ಪಿ ಎಂದರೆ ಹಿಂದೂಸ್ತಾನಿ ಗಾಯಕ ಅಮೀರ್ ಖಾನರ ಮಾರ್ವಾ ರಾಗ. 1960ರ ತಟ್ಟೆ, ಒಂದು ಬದಿ ಮಾರ್ವಾ, ಇನ್ನೊಂದು ಬದಿ ದರ್ಬಾರಿ. ಮಾರ್ವಾದ ಗುಟ್ಟು ಇಲ್ಲಿ ಕೂತ ಅನೇಕರಿಗೆ ಗೊತ್ತು. ಪಂಚಮ ಇಲ್ಲ, ಕೋಮಲ ರಿಷಭ, ತೀವ್ರ ಮಧ್ಯಮ, ರಿಷಭ–ಧೈವತಗಳದೇ ದರ್ಬಾರು. ಷಡ್ಜದ ಮೇಲೆ ಆರಾಮಾಗಿ ಕೂರುವ ಹಾಗಿಲ್ಲ. ತಂಬೂರಿ ಮಾತ್ರ ಷಡ್ಜವನ್ನು ನುಡಿಯುತ್ತಲೇ ಇರುತ್ತದೆ, ಗಾಯಕರು ಅದರ ಸುತ್ತಮುತ್ತ ಓಡಾಡುತ್ತಾರೆ, ಮನೆಗೆ ಬರುವುದಿಲ್ಲ. ಈ ತಟ್ಟೆಯನ್ನು ನಾನು ಕೇಳಿದ ರೀತಿ ಹೇಳುತ್ತೇನೆ, ನಿಮಗೂ ಉಪಯೋಗವಾಗಬಹುದು. ಒಂದು ದಿನ ಪೂರ್ತಿ ಅಮೀರ್ ಖಾನರ ಸ್ವರಗಳ ಮೇಲೆಯೇ ಕಿವಿ. ಮತ್ತೊಂದು ದಿನ ಗಾಯನ ಬಿಟ್ಟು ತಬಲಾ: ಎಷ್ಟು ಕಡಿಮೆ ನುಡಿಸುತ್ತಾರೆ, ಠೇಕಾವನ್ನು (ತಾಳದ ಮೂಲ ನುಡಿಗಟ್ಟನ್ನು) ಬಿಟ್ಟು ಹೊರಗೆ ಹೋಗುವುದೇ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ. ಇನ್ನೊಂದು ದಿನ ಬರಿಯ ಮೌನಗಳನ್ನು ಕೇಳುವುದು. ಒಂದು ಸ್ವರವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಆ ಮೌನದಲ್ಲಿ ಲಯ ಎಲ್ಲಿದೆ? ಸಮ್ (ಆವರ್ತನದ ಮೊದಲ ಮಾತ್ರೆ) ಹತ್ತಿರ ಬರುತ್ತಿದೆ ಎಂದು ಅವರಿಗೆ ಯಾವಾಗಿನಿಂದ ಗೊತ್ತು? ಕೊನೆಗೆ, ಷಡ್ಜ ಎಲ್ಲೆಲ್ಲಿ ಬಂತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತಾ ಕೇಳಿದೆ. ಷಡ್ಜವನ್ನು ಇಷ್ಟು ತಡೆದು ಹಿಡಿದಾಗ, ಅದು ಬಂದ ಕ್ಷಣದಲ್ಲಿ ಕೇಳುಗರಿಗೆ ಏನಾಗುತ್ತದೆ ಎಂದು ಆಗ ತಿಳಿಯಿತು. ಇದನ್ನು ನನ್ನ ಗುರುಗಳು ಬಾಯಲ್ಲಿ ಹೇಳಿದ್ದರು. ಅರ್ಥವಾದದ್ದು ಆ ತಟ್ಟೆಯ ಮುಂದೆ.

ಈಗ ಆಗ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಇದನ್ನು ಮೊಬೈಲಿನಲ್ಲೂ ಮಾಡಬಹುದಲ್ಲ? ಮಾಡಬಹುದು, ಮಾಡುವವರಿದ್ದರೆ ಅವರಿಗೆ ನನ್ನ ನಮಸ್ಕಾರ. ನನ್ನ ಅನುಭವದಲ್ಲಿ ತಟ್ಟೆ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ಎದ್ದು ಹೋಗಿ, ಅಂಚನ್ನೂ ಲೇಬಲ್ಲನ್ನೂ ಮಾತ್ರ ಮುಟ್ಟಿ ತಟ್ಟೆ ಹೊರಗೆ ತೆಗೆಯಬೇಕು, ಬ್ರಷ್ಷಿನಿಂದ ಗೀರಿನ ಗುಂಟ ಧೂಳು ತೆಗೆಯಬೇಕು, ಮುಳ್ಳನ್ನು ಕೈಯಾರೆ ಇಳಿಸಬೇಕು. ಇಷ್ಟು ಮಾಡಿದ ಮೇಲೆ ಯಾರೂ ಅರ್ಧಕ್ಕೆ ಎದ್ದು ಹೋಗುವುದಿಲ್ಲ. ಮುಂದಿನ ಹಾಡಿಗೆ ಹಾರಲು ಗುಂಡಿ ಇಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ತಾನೇ ನಿಲ್ಲುತ್ತದೆ, ಈಗ ಇನ್ನೊಂದು ಬದಿ ಹಾಕುವುದೋ, ಇದನ್ನೇ ಮತ್ತೆ ಕೇಳುವುದೋ ಎಂದು ನಾವೇ ತೀರ್ಮಾನಿಸಬೇಕು. ಆ ನಿಲುಗಡೆ ನನಗೆ ಬಹಳ ಬೆಲೆಯುಳ್ಳದ್ದು. ಕೇಳಿದ್ದನ್ನು ಒಂದು ಸಲ ಗಂಟಲಿನಲ್ಲಿ ಹಾಡಿ ನೋಡಲು ಅಲ್ಲಿ ಸಮಯವಿರುತ್ತದೆ.

ತಟ್ಟೆಯ ಹುಚ್ಚಿದ್ದ ಸಂಗೀತಗಾರರ ಮಾತು ಬಂದರೆ ಜಯಚಾಮರಾಜ ಒಡೆಯರನ್ನು ಬಿಟ್ಟು ಮಾತಾಡಲಾಗದು. ಅರಸರು ಎಂಬುದನ್ನು ಪಕ್ಕಕ್ಕಿಡಿ. ವೀಣೆ ಕಲಿತವರು, ಪಿಯಾನೋ ಕಲಿತವರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವು ಎಂಬ ಅಂದಾಜಿದೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರು ಲಂಡನ್ನಿನಲ್ಲಿ ವಯಸ್ಸಾಗಿ, ಆರೋಗ್ಯ ಕೆಟ್ಟು, ಹೆಚ್ಚು ಜನರ ಗಮನಕ್ಕೆ ಬಾರದೆ ಇದ್ದರು. ಒಡೆಯರಿಗೆ ಅವರ ರಚನೆಗಳು ಬಹಳ ಇಷ್ಟ. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು, ಮೆಟ್ನರ್ ತಮ್ಮ ರಚನೆಗಳನ್ನು ತಾವೇ ಪಿಯಾನೋ ನುಡಿಸಿ ಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನು (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ರಚನೆಯನ್ನು) ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಮಹಾರಾಜರು ಆಸಕ್ತಿ ತೋರಿಸದಿದ್ದರೆ ಅವರ ಕೈಯ ಆ ನುಡಿಸಾಣಿಕೆ ಇಷ್ಟು ವಿಸ್ತಾರವಾಗಿ ಉಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ‘ಕೊನೆಯ ನಾಲ್ಕು ಹಾಡುಗಳು’ ಅವರು ಸತ್ತ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಪ್ರದರ್ಶನಗೊಂಡವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಭರವಸೆ ನಿಂತವರು ಜಯಚಾಮರಾಜ ಒಡೆಯರು. ಅವರಿಗೆ ಅಲ್ಲಿ ಹೋಗಿ ಕೂರಲು ಆಗಲಿಲ್ಲ. ಹಾಗಾಗಿ ಕಛೇರಿಯನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿಗೆ ಕಳಿಸಿಕೊಟ್ಟರು. ಪಾಶ್ಚಾತ್ಯ ಸಂಗೀತದ ಒಂದು ಮಹಾ ಕೃತಿಯ ಮೊದಲ ಪ್ರದರ್ಶನದ ಧ್ವನಿ ಇವತ್ತು ಉಳಿದಿದ್ದರೆ, ಅದರ ಹಿಂದೆ ದೂರದಲ್ಲಿ ಕೂತು ಅದನ್ನು ಕೇಳಲೇಬೇಕು ಎಂದ ಕನ್ನಡನಾಡಿನ ಒಬ್ಬ ವಾಗ್ಗೇಯಕಾರರ ಹಂಬಲವಿದೆ. ನಮ್ಮ ಸಂಗೀತ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಂಗ್ರಹ ಮಾಡುವವರಿಗೆ ಒಂದೆರಡು ಮಾತು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿಡಿ. ಬಿಸಿಲಿಗೆ ವಿನೈಲ್ ಸೊಟ್ಟಗಾಗುತ್ತದೆ, ಅರಗು ಬಿದ್ದರೆ ಚೂರಾಗುತ್ತದೆ. ಎಲ್‌ಪಿಯ ಮುಳ್ಳಿನಿಂದ 78ನ್ನು ನುಡಿಸಬೇಡಿ: ಆ ಅಗಲದ ಗೀರಿನಲ್ಲಿ ಸಪೂರ ಮುಳ್ಳು ತಳಕ್ಕೆ ಇಳಿದು ಧೂಳಿನಲ್ಲಿ ಎಳೆದಾಡುತ್ತದೆ, ಧ್ವನಿ ಇರುವುದು ಗೋಡೆಗಳಲ್ಲಿ. 78ಕ್ಕೆ ಮೂರು ಪಟ್ಟು ಅಗಲದ ಮುಳ್ಳು ಬೇರೆ ಬೇಕು. ಮುಖ್ಯವಾಗಿ, ಲೇಬಲ್ಲಿನ ಸಂಖ್ಯೆಯ ಜೊತೆಗೆ ಗೀರು ಮುಗಿದ ಮೇಲಿನ ನುಣುಪು ಜಾಗದಲ್ಲಿ ಒತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ (ಆ ಮುದ್ರಣದ ಗುರುತಿನ ಸಂಖ್ಯೆಯನ್ನೂ) ಬರೆದುಕೊಳ್ಳಿ. ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಒಂದೇ ಹಾಡನ್ನು ಎರಡು ಮೂರು ಸಲ ಹಾಡಿಸಿ ಮುದ್ರಿಸುವುದಿತ್ತು. ಲೇಬಲ್ಲು ಒಂದೇ ಇದ್ದರೂ ಒಳಗಿನ ಹಾಡಿಕೆ ಬೇರೆ ಇರಬಹುದು. ಅಂಥ ಜೋಡಿ ಸಿಕ್ಕರೆ ಅದೃಷ್ಟ ಅನ್ನಿ. ಅದೇ ದಿನ, ಅದೇ ಬಂದಿಶ್, ಅದೇ ಮೂರು ನಿಮಿಷ; ಎರಡನೇ ಸಲ ಅವರು ಏನನ್ನು ಬದಲಾಯಿಸಿದರು ಎಂಬುದನ್ನು ನೀವು ಕೇಳಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನೂ ಹೇಳಬೇಕು. ಜೈಪುರ–ಅತ್ರೌಲಿ ಘರಾಣೆಯನ್ನು ಕಟ್ಟಿದ ಗಾಯಕ ಅಲ್ಲಾದಿಯಾ ಖಾನರ ಒಂದೂ ತಟ್ಟೆ ಇಲ್ಲ. ನಮ್ಮ ಧಾರವಾಡದಲ್ಲಿ ಕಲಿಸಿದ ಭಾಸ್ಕರಬುವಾ ಬಖಲೆಯವರದೂ ಇಲ್ಲ. ಆದರೂ ಜೈಪುರ–ಅತ್ರೌಲಿ ಗಾಯನಶೈಲಿ ಉಳಿಯಿತು, ಬಾಯಿಂದ ಬಾಯಿಗೆ ಬಂದು ಮನ್ಸೂರರ ಕಂಠದವರೆಗೆ ಹರಿಯಿತು. ಅದೇ ಪರಂಪರೆಯ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇವತ್ತು ವಾಯೇಜರ್ ಬಾಹ್ಯಾಕಾಶ ನೌಕೆಯಲ್ಲಿ, 1977ರಲ್ಲಿ ಹೊರಟ ಚಿನ್ನದ ಲೇಪದ ತಾಮ್ರದ ತಟ್ಟೆಯಲ್ಲಿ, ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದೆ. ಗುರು ಅಲ್ಲಾದಿಯಾ ಖಾನರು ತಟ್ಟೆಗೆ ಹಾಡದಿದ್ದರೂ ಶಿಷ್ಯೆಯ ದನಿ ಅಷ್ಟು ದೂರ ಹೋಯಿತು.

ನಕಲು ಮಾಡುವ ಅಪಾಯ ಇಲ್ಲವೇ ಎಂದು ಮುಂದಿನ ಸಾಲಿನಲ್ಲಿ ಕೂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದೆ. ತಟ್ಟೆಯನ್ನು ಕಂಠಪಾಠ ಮಾಡಿ ವೇದಿಕೆಯಲ್ಲಿ ಒಪ್ಪಿಸುವವರನ್ನು ನಾನೂ ಕೇಳಿದ್ದೇನೆ, ಸಂಕಟವಾಗುತ್ತದೆ. ಆದರೆ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಎಂಬ ಬಾಲಕನನ್ನು ನೆನಪಿಸಿಕೊಳ್ಳಿ. ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಇದ್ದದ್ದು ಇದ್ದ ಹಾಗೆ ಹಾಡಿ ಜನರನ್ನು ದಂಗುಬಡಿಸುತ್ತಿದ್ದ. ಅವನೇ ಮುಂದೆ ಕುಮಾರ ಗಂಧರ್ವ ಆದದ್ದು, ಯಾರ ಹಾಗೂ ಹಾಡದ ಗಾಯಕ ಆದದ್ದು. ಎಲ್ಲರನ್ನೂ ಅಷ್ಟು ಒಳಹೊಕ್ಕು ಕೇಳಿದ್ದರಿಂದಲೇ ಅವರಿಗೆ ತಮ್ಮ ದಾರಿ ಬೇರೆ ಎಂಬುದು ಸ್ಪಷ್ಟವಾಗಿ ಕಂಡಿತು ಎಂದು ನಾನು ನಂಬುತ್ತೇನೆ. ಒಬ್ಬರದನ್ನೇ ಕೇಳಿದರೆ ನಕಲು ಬರುತ್ತದೆ. ಒಂದೇ ರಾಗವನ್ನು ಐದು ಜನರ ತಟ್ಟೆಯಲ್ಲಿ ಕೇಳಿ, ಯಾರನ್ನು ನಕಲು ಮಾಡುತ್ತೀರಿ?

ಎಲ್ಲಿಂದ ಶುರು ಮಾಡಬೇಕು ಎಂಬುದು ಇನ್ನೊಂದು ಚೀಟಿ. ನೀವು ಈಗ ಕಲಿಯುತ್ತಿರುವ ರಾಗದಿಂದಲೇ ಶುರು ಮಾಡಿ. ಭೈರವಿ ಆದರೆ ಮೊದಲು ಕೇಸರ್‌ಬಾಯಿಯವರ ಮೂರೂವರೆ ನಿಮಿಷ, ಆಮೇಲೆ ಅಬ್ದುಲ್ ಕರೀಂ ಖಾನರ ‘ಜಮುನಾ ಕೆ ತೀರ್’. ದರ್ಬಾರಿ ಆದರೆ ಅಮೀರ್ ಖಾನರ ಆ ಎಲ್‌ಪಿಯ ಇನ್ನೊಂದು ಬದಿ. ತಟ್ಟೆ ಇಲ್ಲದಿದ್ದರೆ ಚಿಂತೆಯಿಲ್ಲ, ನನ್ನಲ್ಲಿಗೆ ಬನ್ನಿ. ತಂಬೂರಿ ಜೊತೆಗೆ ತನ್ನಿ, ಯಾಕೆಂದರೆ ಒಂದು ಬದಿ ಕೇಳಿದ ಮೇಲೆ ನೀವು ಹಾಡಬೇಕಾಗುತ್ತದೆ.